ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ: ಜೀವನ ಮತ್ತು ಆಳಿಕೆ

ಭೂಮಿಯನ್ನು ಗೆದ್ದ ಅರಸರು ನಮ್ಮ ದೇಶದ ಚರಿತ್ರೆಯಲ್ಲಿ ಅನೇಕರಿದ್ದಾರೆ. ಕಾಲವನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳಬೇಕೆಂದು ಬಯಸಿದವರು ಕೆಲವರು ಮಾತ್ರ. ಕನ್ನಡ ನಾಡಿನಲ್ಲಿ ಅಂಥ ಸಾಹಸಕ್ಕೆ ಕೈಯಿಟ್ಟವರಲ್ಲಿ ಅಗ್ರಗಣ್ಯನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ. ಕ್ರಿ.ಶ. ೧೦೭೬ರಲ್ಲಿ ಪಟ್ಟವೇರಿದ ಈತನು, ಸಾವಿರ ವರ್ಷಗಳಿಂದ ನಡೆದುಬಂದಿದ್ದ ಶಕವರ್ಷದ ಎಣಿಕೆಯನ್ನು ಬದಿಗಿರಿಸಿ, ತನ್ನ ಪಟ್ಟಾಭಿಷೇಕದ ವರ್ಷವನ್ನೇ ಮೊದಲನೆಯದೆಂದು ಎಣಿಸುವ ‘ಚಾಲುಕ್ಯ ವಿಕ್ರಮ ವರ್ಷ’ವನ್ನು ಪ್ರಾರಂಭಿಸಿದನು.

ಶಾಲೆಯ ಚರಿತ್ರೆಯ ಪಾಠದಲ್ಲಿ ಈ ಅರಸನಿಗೆ ದೊರೆಯುವ ಸ್ಥಳ ಸ್ವಲ್ಪ. ವಿಕ್ರಮ ಶಕೆ, ಬಿಲ್ಹಣ, ವಿಜ್ಞಾನೇಶ್ವರ ಎಂಬ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯನ್ನು ದಾಟುತ್ತಾನೆ. ಆದರೆ ಈ ಮೂರು ಹೆಸರುಗಳ ಹಿಂದೆ ಅರ್ಧ ಶತಮಾನದ ಒಂದು ಆಳಿಕೆ ಇದೆ. ಆ ಆಳಿಕೆಯ ಮೊದಲಲ್ಲಿ ಅಣ್ಣತಮ್ಮಂದಿರ ಕಲಹದ ಒಂದು ಕಹಿ ಅಧ್ಯಾಯವೂ ಇದೆ. ಅರಸನು ಬಯಸಿದ್ದೇನು, ಅವನ ಕಾಲದಿಂದ ನಿಜವಾಗಿ ಉಳಿದುಬಂದದ್ದೇನು ಎಂಬುದನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮನೆತನ ಮತ್ತು ಯೌವನ

ರಾಷ್ಟ್ರಕೂಟರನ್ನು ಕೆಡವಿ ಎರಡನೆಯ ತೈಲಪನು ೯೭೩ರಲ್ಲಿ ಚಾಲುಕ್ಯ ರಾಜ್ಯವನ್ನು ಪುನಃ ಸ್ಥಾಪಿಸಿದನು. ಆ ವಂಶದಲ್ಲಿ ಆಹವಮಲ್ಲ, ತ್ರೈಲೋಕ್ಯಮಲ್ಲ ಎಂಬ ಬಿರುದುಗಳನ್ನು ಹೊತ್ತ ಒಂದನೆಯ ಸೋಮೇಶ್ವರನು ವಿಕ್ರಮಾದಿತ್ಯನ ತಂದೆ. ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದು ಆ ನಗರಕ್ಕೆ ವೈಭವವನ್ನು ತಂದವನು ಈತನೇ. ಅವನ ಆಳಿಕೆಯುದ್ದಕ್ಕೂ ದಕ್ಷಿಣದ ಚೋಳರೊಡನೆ ಯುದ್ಧ ನಡೆದೇ ಇತ್ತು. ೧೦೫೪ರ ಕೊಪ್ಪಂ ಯುದ್ಧದಲ್ಲಿ ಚೋಳ ಚಕ್ರವರ್ತಿ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮ ರಾಜೇಂದ್ರನು ರಣರಂಗದಲ್ಲಿಯೇ ಕಿರೀಟವನ್ನು ಧರಿಸಿ ಯುದ್ಧವನ್ನು ಮುಂದುವರಿಸಿದನು. ಇಂಥ ದಿನಗಳಲ್ಲಿ ಬೆಳೆದ ರಾಜಕುಮಾರನಿಗೆ ಅರಮನೆಗಿಂತ ಪಾಳೆಯವೇ ಹೆಚ್ಚು ಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ.

ಸೋಮೇಶ್ವರನಿಗೆ ಮೂವರು ಗಂಡುಮಕ್ಕಳು ಪ್ರಸಿದ್ಧರು. ಹಿರಿಯನು ತಂದೆಯ ಹೆಸರನ್ನೇ ಹೊತ್ತ ಸೋಮೇಶ್ವರ, ನಡುವಿನವನು ವಿಕ್ರಮಾದಿತ್ಯ, ಕಿರಿಯನು ಜಯಸಿಂಹ. ತಂದೆಯ ದಂಡಯಾತ್ರೆಗಳಲ್ಲಿ ವಿಕ್ರಮನು ಮುಂದಾಳಾಗಿ ಹೋರಾಡಿ ಸೈನ್ಯದ ಮತ್ತು ಸಾಮಂತರ ವಿಶ್ವಾಸವನ್ನು ಗಳಿಸಿಕೊಂಡನು. ೧೦೬೮ರಲ್ಲಿ ವೃದ್ಧ ಅರಸನು ವಾಸಿಯಾಗದ ಜ್ವರಕ್ಕೆ ತುತ್ತಾಗಿ, ಕುರುವತ್ತಿಯಲ್ಲಿ ತುಂಗಭದ್ರೆಯ ನೀರಿಗಿಳಿದು ಪ್ರಾಣತ್ಯಾಗ ಮಾಡಿದನು. ಹಿರಿಯ ಮಗನು ‘ಭುವನೈಕಮಲ್ಲ’ನೆಂಬ ಬಿರುದಿನಿಂದ ಸಿಂಹಾಸನವನ್ನೇರಿದನು. ನ್ಯಾಯದ ಕ್ರಮವೂ ಅದೇ ಆಗಿತ್ತು.

ಸಿಂಹಾಸನದ ದಾರಿ

ಮುಂದಿನ ಎಂಟು ವರ್ಷಗಳ ಕಥೆ ಸರಳವಾದುದಲ್ಲ. ಹೊಸ ಅರಸನು ಪಟ್ಟವೇರಿದೊಡನೆಯೇ ಚೋಳ ವೀರರಾಜೇಂದ್ರನು ದಂಡೆತ್ತಿ ಬಂದನು. ಈ ಸಂದರ್ಭದಲ್ಲಿಯೇ ವಿಕ್ರಮನು ಅಣ್ಣನನ್ನು ಬಿಟ್ಟು ಹೊರಟನು; ಕುಲದ ವೈರಿಯಾಗಿದ್ದ ಚೋಳನೊಡನೆ ಸಂಧಿ ಮಾಡಿಕೊಂಡು ಅವನ ಮಗಳನ್ನು ಮದುವೆಯಾದನು.

ಇದೇ ಘಟನೆಯನ್ನು ಎರಡು ಕಡೆಯವರು ಹೇಳುವ ಬಗೆಯನ್ನು ಗಮನಿಸಬೇಕು. ವಿಕ್ರಮನ ಆಸ್ಥಾನಕವಿ ಬಿಲ್ಹಣನ ಪ್ರಕಾರ, ಚೋಳ ಅರಸನೇ ವಿಕ್ರಮನ ಪರಾಕ್ರಮಕ್ಕೆ ಅಂಜಿ ಮಗಳನ್ನು ಕೊಟ್ಟು ಸ್ನೇಹವನ್ನು ಬೇಡಿದನು. ವೀರರಾಜೇಂದ್ರನ ಶಾಸನಗಳಾದರೋ, ತನ್ನನ್ನು ಆಶ್ರಯಿಸಿ ಬಂದ ಚಾಲುಕ್ಯ ವಿಕ್ರಮಾದಿತ್ಯನಿಗೆ ತಾನೇ ಯುವರಾಜನ ಕಂಠಿಕೆಯನ್ನು ಕಟ್ಟಿ, ಏಳೂವರೆ ಲಕ್ಷದ ರಟ್ಟಪಾಡಿಯನ್ನು ದಯಪಾಲಿಸಿದೆನೆಂದು ಹೇಳಿಕೊಳ್ಳುತ್ತವೆ. ಒಂದೇ ಮದುವೆ, ಒಂದು ಕಡೆ ಅದು ಶರಣಾಗತಿಯ ಕಾಣಿಕೆ, ಇನ್ನೊಂದು ಕಡೆ ಅದು ಶರಣಾಗತನಿಗೆ ತೋರಿದ ಅನುಗ್ರಹ. ಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಒಂದೇ ಸಾಕ್ಷಿಯನ್ನು ಕೇಳಿ ತೀರ್ಪು ಕೊಡಬಾರದೆಂಬ ನಿಯಮ ನ್ಯಾಯಸ್ಥಾನಕ್ಕೆ ಹೇಗೋ ಚರಿತ್ರೆಗೂ ಹಾಗೆಯೇ ಅನ್ವಯಿಸುತ್ತದೆ.

ಆದರೆ ಈ ನಂಟು ಬಹಳ ದಿನ ಫಲ ಕೊಡಲಿಲ್ಲ. ೧೦೭೦ರಲ್ಲಿ ವೀರರಾಜೇಂದ್ರನು ತೀರಿಕೊಂಡನು. ಅವನ ಮಗ ಅಧಿರಾಜೇಂದ್ರನನ್ನು ಪಟ್ಟದಲ್ಲಿ ನಿಲ್ಲಿಸಲು ವಿಕ್ರಮನು ಕಂಚಿಯವರೆಗೂ ಹೋಗಿ ಬಂದನು. ಅವನು ಹಿಂದಿರುಗಿದ ಸ್ವಲ್ಪ ಕಾಲದಲ್ಲಿಯೇ ಅಧಿರಾಜೇಂದ್ರನು ಕ್ಷೋಭೆಯಲ್ಲಿ ಹತನಾದನು. ವೇಂಗಿಯ ಚಾಲುಕ್ಯ ರಾಜೇಂದ್ರನು ಕುಲೋತ್ತುಂಗ ಚೋಳನೆಂಬ ಹೆಸರಿನಿಂದ ಚೋಳ ಸಿಂಹಾಸನವನ್ನು ಆಕ್ರಮಿಸಿದನು. ವಿಕ್ರಮನ ಬಲವನ್ನು ಕಂಡು ಶಂಕಿತನಾಗಿದ್ದ ಅಣ್ಣ ಸೋಮೇಶ್ವರನು ಈ ಕುಲೋತ್ತುಂಗನೊಡನೆ ಕೈಜೋಡಿಸಿದನು. ಅಣ್ಣತಮ್ಮಂದಿರಿಬ್ಬರೂ ಸರದಿಯ ಮೇಲೆ ಚೋಳರ ನೆರವನ್ನು ಕೋರಿದರೆಂಬುದು ಈ ಪ್ರಕರಣದ ವಿಪರ್ಯಾಸ.

ವಿಕ್ರಮನ ಪಕ್ಷಕ್ಕೆ ಗೋವೆಯ ಕದಂಬ ಜಯಕೇಶಿ, ಸೇವುಣ ದೇಶದ ಅರಸ, ಉಚ್ಚಂಗಿಯ ಪಾಂಡ್ಯರು, ಆಗ ಇನ್ನೂ ಮಲೆನಾಡಿನ ಸಣ್ಣ ಸಾಮಂತರಾಗಿದ್ದ ಹೊಯ್ಸಳರು ಬಂದು ಸೇರಿದರು. ೧೦೭೬ರಲ್ಲಿ ನಿರ್ಣಾಯಕ ಯುದ್ಧ ನಡೆಯಿತು. ಕುಲೋತ್ತುಂಗನ ಶಾಸನಗಳು, ತಾನು ವಿಕ್ರಮನನ್ನು ನಂಗಿಲಿಯಿಂದ ತುಂಗಭದ್ರೆಯವರೆಗೆ ಅಟ್ಟಿದೆನೆಂದು ಬಣ್ಣಿಸುತ್ತವೆ. ಆದರೆ ಯುದ್ಧ ಮುಗಿದಾಗ ಕಲ್ಯಾಣದ ಸಿಂಹಾಸನದ ಮೇಲೆ ಕುಳಿತಿದ್ದವನು ವಿಕ್ರಮ, ಸೆರೆಯಲ್ಲಿದ್ದವನು ಸೋಮೇಶ್ವರ. ಆ ಬಳಿಕ ಭುವನೈಕಮಲ್ಲನ ಹೆಸರು ಶಾಸನಗಳಿಂದ ಮರೆಯಾಗುತ್ತದೆ.

ಕವಿಯ ಸಾಕ್ಷ್ಯ

ಈ ಘಟನೆಗಳನ್ನು ನಾವು ಇಷ್ಟು ವಿವರವಾಗಿ ಅರಿಯಲು ಮುಖ್ಯವಾದ ಆಧಾರ ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಬಿಲ್ಹಣನು ಕಾಶ್ಮೀರದ ಖೋನಮುಷವೆಂಬ ಗ್ರಾಮದವನು. ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಸುತ್ತಿ, ಗುಜರಾತಿನ ಸೋಮನಾಥವನ್ನು ಕಂಡು, ಕೊನೆಗೆ ದಕ್ಷಿಣಕ್ಕೆ ಬಂದು ಕಲ್ಯಾಣದಲ್ಲಿ ನೆಲೆನಿಂತನು. ವಿಕ್ರಮನು ಅವನಿಗೆ ‘ವಿದ್ಯಾಪತಿ’ ಪದವಿಯನ್ನಿತ್ತು ಗೌರವಿಸಿದನು. ಕಾಶ್ಮೀರದ ಚರಿತ್ರಕಾರ ಕಲ್ಹಣನೂ ತನ್ನ ‘ರಾಜತರಂಗಿಣಿ’ಯಲ್ಲಿ, ಕರ್ಣಾಟಕದ ಪೆರ್ಮಾಡಿರಾಯನು ಬಿಲ್ಹಣನಿಗೆ ತೋರಿದ ಮನ್ನಣೆಯನ್ನು ಸ್ಮರಿಸಿದ್ದಾನೆ. ಕಾಶ್ಮೀರದ ಅರಸ ಹರ್ಷನು ಕರ್ಣಾಟಕದ ನಾಣ್ಯದ ಮಾದರಿಯನ್ನು ಅನುಕರಿಸಿದನೆಂದೂ ಕಲ್ಹಣನು ಹೇಳುತ್ತಾನೆ. ಕಲ್ಯಾಣದ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಇದು ಹೊರನಾಡಿನವರ ಸಾಕ್ಷಿ.

ಹದಿನೆಂಟು ಸರ್ಗಗಳ ಈ ಕಾವ್ಯವು ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. ೧೮೭೪ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್‌ನು ರಾಜಸ್ಥಾನದ ಜೈಸಲ್ಮೇರಿನ ಜೈನ ಗ್ರಂಥಭಂಡಾರದಲ್ಲಿ ಅದರ ತಾಳೆಯ ಪ್ರತಿಯನ್ನು ಕಂಡು, ಮರುವರ್ಷವೇ ಅಚ್ಚು ಹಾಕಿಸಿದನು. ಕಲ್ಯಾಣದ ಶೈವ ಅರಸನ ಚರಿತ್ರೆಯನ್ನು ಕಾಶ್ಮೀರದ ಬ್ರಾಹ್ಮಣನೊಬ್ಬನು ಬರೆದು, ಮರುಭೂಮಿಯ ಜೈನರು ಕಾಪಾಡಿದರು. ಗ್ರಂಥಭಂಡಾರಗಳನ್ನು ಪೋಷಿಸುವ ಸಂಸ್ಥೆಗಳ ಉಪಕಾರ ಎಂಥದೆಂಬುದನ್ನು ಇದರಿಂದ ತಿಳಿಯಬಹುದು.

ಬಿಲ್ಹಣನ ಕಾವ್ಯದಲ್ಲಿ ವಿಕ್ರಮನು ದೋಷರಹಿತ. ತಂದೆಯು ಯುವರಾಜ ಪದವಿಯನ್ನು ಕೊಡಲು ಬಂದರೂ ಅಣ್ಣನಿರುವಾಗ ಅದು ತನಗೆ ಸಲ್ಲದೆಂದು ನಿರಾಕರಿಸುತ್ತಾನೆ. ಸೋಮೇಶ್ವರನು ಮದಾಂಧನಾಗಿ, ಲೋಭಿಯಾಗಿ, ಸಂಶಯಪಿಶಾಚಿಯಾಗಿ ಮಾರ್ಪಟ್ಟ ಮೇಲೆ ಅನಿವಾರ್ಯವಾಗಿ ದೂರ ಸರಿಯುತ್ತಾನೆ. ಕೊನೆಗೂ ಅಣ್ಣನ ಮೇಲೆ ಕತ್ತಿಯೆತ್ತಲು ಹಿಂಜರಿದಾಗ ಸಾಕ್ಷಾತ್ ಶಿವನೇ ಕನಸಿನಲ್ಲಿ ಕಾಣಿಸಿಕೊಂಡು ಯುದ್ಧಕ್ಕೆ ಅಪ್ಪಣೆ ಕೊಡುತ್ತಾನೆ.

ಇಷ್ಟೊಂದು ಸಮರ್ಥನೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಓದುಗನಲ್ಲಿ ಏಳದೆ ಇರದು. ಸಹಜವಾಗಿ ಬಂದ ಪಟ್ಟಕ್ಕೆ ಕನಸಿನ ಸಾಕ್ಷಿ ಬೇಕಾಗುವುದಿಲ್ಲ. ಭುವನೈಕಮಲ್ಲನ ಕಾಲದ ಶಾಸನಗಳಲ್ಲಿ ಆತನು ಬಿಲ್ಹಣನು ಚಿತ್ರಿಸಿದ ಕ್ರೂರಿಯಾಗಿ ಕಾಣುವುದಿಲ್ಲ. ಉಳಿದ ಅರಸರಂತೆ ದೇವಾಲಯಗಳಿಗೆ, ವಿದ್ವಾಂಸರಿಗೆ ದತ್ತಿಗಳನ್ನು ಬಿಡುವ ಪ್ರಭುವಾಗಿಯೇ ಕಾಣುತ್ತಾನೆ. ಆಳುವ ಅರಸನನ್ನು ಅವನ ಕಾಲದ ಶಾಸನ ನಿಂದಿಸುವುದಿಲ್ಲವೆಂಬುದೂ ನಿಜವೇ. ಎರಡನ್ನೂ ತೂಗಿ ನೋಡಿದರೆ ಹೀಗೆ ಹೇಳಬಹುದು: ವಿಕ್ರಮನು ಅಣ್ಣನಿಗಿಂತ ಸಮರ್ಥನಾಗಿದ್ದನು, ಆದರೆ ಸಾಮರ್ಥ್ಯವೇ ಹಕ್ಕಲ್ಲವೆಂಬ ಅರಿವು ಅವನಿಗೂ ಅವನ ಕವಿಗೂ ಇತ್ತು.

ಈ ಋಣವನ್ನು ಅವನು ಬೇಗನೆ ತೀರಿಸಬೇಕಾಯಿತು. ಬನವಾಸಿ ಪ್ರಾಂತವನ್ನು ಆಳುತ್ತಿದ್ದ ತಮ್ಮ ಜಯಸಿಂಹನು ಪಟ್ಟಾಭಿಷೇಕವಾದ ಕೆಲವೇ ವರ್ಷಗಳಲ್ಲಿ ದಂಗೆಯೆದ್ದನು. ಅಣ್ಣನ ವಿರುದ್ಧ ತಾನು ಮಾಡಿದುದನ್ನೇ ತಮ್ಮನು ತನಗೆ ಮಾಡಲು ಹೊರಟಾಗ ವಿಕ್ರಮನ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದನ್ನು ಊಹಿಸಬಹುದು. ಕೃಷ್ಣಾತೀರದ ಯುದ್ಧದಲ್ಲಿ ಜಯಸಿಂಹನು ಸೋತು ಸೆರೆಸಿಕ್ಕನು. ವಿಕ್ರಮನು ಅವನಿಗೆ ದಯೆ ತೋರಿದನೆಂದು ಬಿಲ್ಹಣನು ಹೇಳುತ್ತಾನೆ.

ಐವತ್ತು ವರ್ಷಗಳ ಆಳಿಕೆ

ತ್ರಿಭುವನಮಲ್ಲ, ಪೆರ್ಮಾಡಿದೇವ ಎಂಬ ಹೆಸರುಗಳಿಂದ ವಿಕ್ರಮನು ೧೧೨೬ರವರೆಗೆ, ಎಂದರೆ ಸರಿಸುಮಾರು ಐವತ್ತು ವರ್ಷಗಳ ಕಾಲ ಆಳಿದನು. ಅಧಿಕಾರಕ್ಕೆ ಬಂದ ರೀತಿ ಹೇಗೇ ಇರಲಿ, ಅದನ್ನು ನಡೆಸಿದ ರೀತಿಯಲ್ಲಿ ಪ್ರೌಢಿಮೆ ಇತ್ತು. ಉತ್ತರದಲ್ಲಿ ನರ್ಮದೆಯತ್ತ, ದಕ್ಷಿಣದಲ್ಲಿ ತುಂಗಭದ್ರೆಯಾಚೆಗೆ, ಪಶ್ಚಿಮದಲ್ಲಿ ಕೊಂಕಣದವರೆಗೆ ಅವನ ಆಜ್ಞೆ ನಡೆಯುತ್ತಿತ್ತು. ಪೂರ್ವದಲ್ಲಿ ವೇಂಗಿಗಾಗಿ ಚೋಳರೊಡನೆ ಬಹುಕಾಲ ನಡೆದ ಪೈಪೋಟಿಯಲ್ಲಿ ಕೊನೆಗೆ ಅವನ ಕೈಮೇಲಾಯಿತು. ೧೧೧೮ರ ವೇಳೆಗೆ ಅವನ ದಂಡನಾಯಕ ಅನಂತಪಾಲನು ವೇಂಗಿಯನ್ನು ಆಳುತ್ತಿದ್ದನು.

ಇಷ್ಟು ವಿಸ್ತಾರವಾದ ರಾಜ್ಯವನ್ನು ಅರಸನೊಬ್ಬನೇ ಆಳಲು ಸಾಧ್ಯವಿರಲಿಲ್ಲ. ಮಹಾಮಂಡಲೇಶ್ವರರು, ದಂಡನಾಯಕರು, ಸಂಧಿವಿಗ್ರಹಿಗಳು, ಊರಿನ ಗಾವುಂಡರು ಎಂಬ ಮೆಟ್ಟಿಲುಗಳ ಮೇಲೆ ಆಡಳಿತ ನಿಂತಿತ್ತು. ರಾಣಿಯರೂ ಈ ಭಾರವನ್ನು ಹೊತ್ತಿದ್ದರು. ಪಟ್ಟದರಸಿ ಲಕ್ಷ್ಮಾದೇವಿಯು ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ ಆಳುತ್ತಿದ್ದಳು. ಧರ್ಮಪುರವೆಂದರೆ ಈಗಿನ ಗದಗ ಜಿಲ್ಲೆಯ ಡಂಬಳ. ಕರಹಾಟದ ಶಿಲಾಹಾರರ ಮಗಳು ಚಂದಲದೇವಿಯ ಸ್ವಯಂವರವನ್ನು ಬಿಲ್ಹಣನು ಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಮಗಳು ಮೈಲಲದೇವಿಯನ್ನು ಗೋವೆಯ ಎರಡನೆಯ ಜಯಕೇಶಿಗೆ ಕೊಟ್ಟು ಆ ಮನೆತನದ ನಂಟನ್ನು ಬಲಪಡಿಸಲಾಯಿತು.

ಆದರೆ ಸಾಮಂತರ ಬಲದಿಂದ ಪಟ್ಟಕ್ಕೆ ಬಂದವನನ್ನು ಸಾಮಂತರ ಬೆಳವಣಿಗೆಯೇ ಮುಪ್ಪಿನಲ್ಲಿ ಕಾಡಿತು. ಒಂದು ಕಾಲಕ್ಕೆ ಅವನ ಬೆನ್ನಿಗೆ ನಿಂತಿದ್ದ ಹೊಯ್ಸಳರ ಮನೆಯಲ್ಲಿ ವಿಷ್ಣುವರ್ಧನನು ಹುಟ್ಟಿಬಂದನು. ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಮೇಲೆ ಅವನ ದೃಷ್ಟಿ ಉತ್ತರಕ್ಕೆ ಹೊರಳಿತು. ವಿಕ್ರಮನ ಹನ್ನೆರಡು ಸಾಮಂತರ ಸೈನ್ಯವು ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ಹೊಯ್ಸಳ ದಂಡನಾಯಕ ಗಂಗರಾಜನು ರಾತ್ರಿಯ ದಾಳಿಯಿಂದ ಅದನ್ನು ಚದುರಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಹೇಳುತ್ತವೆ. ಎಲಬುರ್ಗಿಯ ಸಿಂದರ ಆಚುಗಿಯು ಚಕ್ರವರ್ತಿಯ ಪರವಾಗಿ ಹೋರಾಡಿ ಹೊಯ್ಸಳರನ್ನು ಹಿಂದಕ್ಕಟ್ಟಿದನು. ವಿಷ್ಣುವರ್ಧನನು ಸದ್ಯಕ್ಕೆ ತಲೆಬಾಗಿದನು. ಅವನ ವಂಶದ ಆಕಾಂಕ್ಷೆ ಬಾಗಲಿಲ್ಲ.

ವಿಕ್ರಮ ವರ್ಷ ಮತ್ತು ಅದರ ಕಲ್ಲುಗಳು

ಇನ್ನು ಅವನ ಹೆಸರಿನ ವರ್ಷದ ವಿಚಾರ. ಶಕವರ್ಷ ೯೯೮ ಕಳೆದ ನಳ ಸಂವತ್ಸರದ ಚೈತ್ರ ಶುದ್ಧ ಪಾಡ್ಯದಿಂದ, ಎಂದರೆ ೧೦೭೬ರಿಂದ, ಚಾಲುಕ್ಯ ವಿಕ್ರಮ ವರ್ಷದ ಎಣಿಕೆ ಆರಂಭವಾಗುತ್ತದೆ. ಇದನ್ನು ಕ್ರಿಸ್ತವರ್ಷಕ್ಕೆ ಪರಿವರ್ತಿಸುವುದು ಸುಲಭ. ಶಾಸನದಲ್ಲಿರುವ ವರ್ಷಸಂಖ್ಯೆಗೆ ೧೦೭೫ನ್ನು ಕೂಡಿಸಿದರೆ ಆ ವರ್ಷ ಪ್ರಾರಂಭವಾದ ಇಸವಿ ದೊರೆಯುತ್ತದೆ. ‘ವಿಕ್ರಮ ವರ್ಷದ ೨೦ನೆಯ’ ಎಂದಿದ್ದರೆ ಅದು ೧೦೯೫. ‘೩೭ನೆಯ’ ಎಂದಿದ್ದರೆ ೧೧೧೨. ಊರಿನ ಗುಡಿಯ ಮುಂದಿರುವ ಕಲ್ಲಿನಲ್ಲಿ ಈ ಹೆಸರು ಕಂಡರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಅದರ ಕಾಲವನ್ನು ಹೇಳಬಲ್ಲನು.

ಈ ವರ್ಷವನ್ನು ಹೊತ್ತ ಶಾಸನಗಳು ಕರ್ನಾಟಕದಲ್ಲಿ, ಅದರಲ್ಲಿಯೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ, ನೂರಾರು ಸಿಕ್ಕಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಲ್ಟರ್ ಎಲಿಯಟ್ ಮತ್ತು ಫ್ಲೀಟ್ ಅವರು ಇವುಗಳ ಪ್ರತಿಗಳನ್ನು ಸಂಗ್ರಹಿಸಿ ಬೆಳಕಿಗೆ ತಂದರು. ಅನಂತರ ನಮ್ಮ ವಿದ್ವಾಂಸರು ಆ ಕಾರ್ಯವನ್ನು ಮುಂದುವರಿಸಿದರು. ಇವುಗಳನ್ನು ಓದಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ಅರಸನ ಬಿರುದಾವಳಿ ಇರುತ್ತದೆ, ಅವನ ವರ್ಷವಿರುತ್ತದೆ. ಆದರೆ ಕಲ್ಲನ್ನು ನೆಡಿಸಿದ ಕಾರಣ ಅದರ ಕೆಳಗಿನ ಸಾಲುಗಳಲ್ಲಿದೆ. ಅಲ್ಲಿ ದಂಡನಾಯಕನೋ ಸೆಟ್ಟಿಯೋ ಗಾವುಂಡನೋ ಎಷ್ಟು ಮತ್ತರು ಭೂಮಿಯನ್ನು, ಎಷ್ಟು ಗದ್ಯಾಣವನ್ನು, ಯಾವ ಗಾಣದ ಎಣ್ಣೆಯನ್ನು ಯಾವ ಕಾರ್ಯಕ್ಕಾಗಿ ಬಿಟ್ಟನೆಂಬ ವಿವರವಿರುತ್ತದೆ. ದೇವರ ಅಂಗಭೋಗ, ಗುಡಿಯ ಜೀರ್ಣೋದ್ಧಾರ, ತಪೋಧನರ ಆಹಾರದಾನ, ಮಾಣಿಗಳ ವಿದ್ಯಾದಾನ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ.

ಎರಡು ಉದಾಹರಣೆಗಳನ್ನು ನೋಡಬಹುದು. ಡಂಬಳದ ೧೦೯೫ರ ಶಾಸನವು ಅಲ್ಲಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರಕ್ಕೂ ಸಂದ ದತ್ತಿಯನ್ನು ದಾಖಲಿಸುತ್ತದೆ. ಬೌದ್ಧಮತವು ದಕ್ಷಿಣದಲ್ಲಿ ಕ್ಷೀಣಿಸುತ್ತಿದ್ದ ಕಾಲದಲ್ಲಿ ಶಿವಭಕ್ತ ಅರಸನೊಬ್ಬನ ರಾಜ್ಯದ ನಡುವೆ ಅದು ಹೀಗೆ ಆಶ್ರಯ ಪಡೆದಿತ್ತು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ೧೧೧೨ರಲ್ಲಿ ಕಟ್ಟಿಸಿದವನು ಅರಸನಲ್ಲ, ಅವನ ದಂಡನಾಯಕ ಮಹಾದೇವ. ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಎಂದು ಕರೆಯಿಸಿಕೊಂಡ ಆ ಗುಡಿಯ ಜೊತೆಗೆ ಮಹಾದೇವನು ತನ್ನ ತಂದೆತಾಯಿಗಳ ಸ್ಮರಣೆಗೆ ಗುಡಿಗಳನ್ನೂ ಒಂದು ಮಠವನ್ನೂ ಕಟ್ಟಿಸಿದನು. ಇಂದು ಇಟಗಿಗೆ ಹೋದವರು ಆ ಕಂಬಗಳ ನುಣುಪಿನಲ್ಲಿ ತಮ್ಮ ನೆರಳನ್ನು ಕಾಣುತ್ತಾರೆ. ಕಲ್ಯಾಣದ ಅರಮನೆಯನ್ನು ಕಾಣಬೇಕೆಂದರೆ ಚಾಲುಕ್ಯರ ಅರಮನೆ ಅಲ್ಲಿ ನಿಂತಿಲ್ಲ.

ವಿದ್ಯಾದಾನದ ಪರಂಪರೆ

ವಿಕ್ರಮನ ಕಾಲದ ವಿದ್ಯಾಸಂಸ್ಥೆಗಳನ್ನು ಅರಿಯಲು ಸ್ವಲ್ಪ ಹಿಂದಕ್ಕೆ, ಅವನ ತಂದೆಯ ಆಳಿಕೆಗೆ ಹೋಗಬೇಕು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ೧೦೫೮ರ ಒಂದು ಶಾಸನವಿದೆ. ದಂಡನಾಯಕ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿದ ವ್ಯವಸ್ಥೆ ಅದರಲ್ಲಿದೆ. ವೇದವನ್ನು ಕಲಿಯುವ ೨೦೦ ವಿದ್ಯಾರ್ಥಿಗಳು, ಶಾಸ್ತ್ರವನ್ನು ಕಲಿಯುವ ೫೦ ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗರು’. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಆರು ಉಪಾಧ್ಯಾಯರಿದ್ದ ಸಂಸ್ಥೆಯಲ್ಲಿ ಆರು ಮಂದಿ ಗ್ರಂಥಪಾಲಕರಿದ್ದರೆಂಬುದನ್ನು ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಪುಸ್ತಕವನ್ನು ಕಾಯುವುದು, ಓದಿ ತಿದ್ದುವುದು, ಪ್ರತಿ ಮಾಡುವುದು ಪಾಠ ಹೇಳುವಷ್ಟೇ ಗೌರವದ ಕಾರ್ಯವಾಗಿತ್ತು.

ಈ ಪರಂಪರೆ ವಿಕ್ರಮನ ಕಾಲದಲ್ಲಿಯೂ ಮುಂದುವರಿಯಿತು. ಲೊಕ್ಕಿಗುಂಡಿಯಲ್ಲಿ ಪ್ರಾಭಾಕರ ಮೀಮಾಂಸೆಯನ್ನು ಬೋಧಿಸುವ ಶಾಲೆಯೊಂದು ಏರ್ಪಟ್ಟುದನ್ನು ಗದಗಿನ ಶಾಸನವೊಂದು ತಿಳಿಸುತ್ತದೆ. ಬಳ್ಳಿಗಾವೆಯ ಕೋಡಿಯ ಮಠದ ಕಾಳಾಮುಖ ಆಚಾರ್ಯರು ತರ್ಕ, ವ್ಯಾಕರಣ, ಆಗಮಗಳಲ್ಲಿ ಪ್ರಸಿದ್ಧರಾಗಿದ್ದರು. ಅದೇ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತಿತ್ತೆಂದೂ, ದೀನರಿಗೆ, ಅಂಧರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದೂ ಹೇಳುತ್ತದೆ. ಅನ್ನ, ಔಷಧ, ವಿದ್ಯೆ ಮೂರೂ ಒಂದೇ ಸೂರಿನಡಿ ದೊರೆಯಬೇಕೆಂಬ ಭಾವನೆ ಈ ನೆಲಕ್ಕೆ ಹೊಸದಲ್ಲ.

ಮಿತಾಕ್ಷರ

ವಿಕ್ರಮನ ರಾಜ್ಯದಲ್ಲಿ ಹುಟ್ಟಿದ ಕೃತಿಗಳಲ್ಲಿ ದೀರ್ಘಾಯುಷ್ಯವನ್ನು ಪಡೆದುದು ಬಿಲ್ಹಣನ ಕಾವ್ಯವಲ್ಲ, ವಿಜ್ಞಾನೇಶ್ವರನ ‘ಮಿತಾಕ್ಷರ’. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಭಾಗಗಳನ್ನುಳ್ಳದ್ದು. ಹೆಸರೇ ಸೂಚಿಸುವಂತೆ ಮಾತು ಮಿತವಾದುದು. ಪ್ರಭಾವ ಮಾತ್ರ ಅಮಿತವಾದುದು. ಗ್ರಂಥದ ಕೊನೆಯಲ್ಲಿ ವಿಜ್ಞಾನೇಶ್ವರನು ಕಲ್ಯಾಣ ನಗರವನ್ನೂ ವಿಕ್ರಮ ಭೂಪತಿಯನ್ನೂ ಹೊಗಳಿ, ತನ್ನ ವಿದ್ವತ್ತನ್ನೂ ಅವರೊಡನೆ ಸಮಕ್ಕೆ ನಿಲ್ಲಿಸಿಕೊಂಡಿದ್ದಾನೆ. ಆತ್ಮಪ್ರಶಂಸೆಯಾದರೂ ಕಾಲವು ಅದನ್ನು ಸುಳ್ಳುಮಾಡಲಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಮಿತಾಕ್ಷರದ ಮುಖ್ಯ ಸಿದ್ಧಾಂತ. ತಂದೆಯು ತನ್ನ ಇಚ್ಛೆಯಂತೆ ಅದನ್ನು ಹಾಳುಮಾಡುವಂತಿಲ್ಲ. ಬಂಗಾಳದಲ್ಲಿ ಪ್ರಚಾರವಾದ ಜೀಮೂತವಾಹನನ ‘ದಾಯಭಾಗ’ವಾದರೋ ತಂದೆಯ ಮರಣಾನಂತರವೇ ಮಗನಿಗೆ ಸ್ವಾಮ್ಯವೆಂದು ಹೇಳಿತು. ವಿಭಕ್ತನಾಗಿ, ಗಂಡುಸಂತಾನವಿಲ್ಲದೆ ತೀರಿಕೊಂಡವನ ಆಸ್ತಿಗೆ ಅವನ ಪತ್ನಿಯೇ ಮೊದಲ ಹಕ್ಕುದಾರಳೆಂದು ವಿಜ್ಞಾನೇಶ್ವರನು ವಾದಿಸಿದನು. ಸ್ತ್ರೀಧನದ ಅರ್ಥವನ್ನೂ ವಿಸ್ತರಿಸಿದನು. ಹೆಣ್ಣಿನ ಹಕ್ಕನ್ನು ಕುರಿತು ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಇಷ್ಟು ದೂರ ನಡೆದ ಶಾಸ್ತ್ರಕಾರರು ವಿರಳ. ಮಗಳಿಗೆ ಹುಟ್ಟಿನ ಹಕ್ಕನ್ನು ಅವನೂ ಕೊಡಲಿಲ್ಲವೆಂಬುದನ್ನು ಮರೆಯಬಾರದು.

೧೮೧೦ರಲ್ಲಿ ಕೋಲ್‌ಬ್ರೂಕನು ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಬಳಿಕ ಮಿತಾಕ್ಷರವು ನ್ಯಾಯಾಲಯಗಳ ಆಧಾರಗ್ರಂಥವಾಯಿತು. ಸ್ವತಂತ್ರ ಭಾರತದ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ಮಿತಾಕ್ಷರ ಅವಿಭಕ್ತ ಕುಟುಂಬದ ಕಲ್ಪನೆಯನ್ನು ಉಳಿಸಿಕೊಂಡಿತು. ಕರ್ನಾಟಕವು ೧೯೯೪ರ ತಿದ್ದುಪಡಿಯಿಂದಲೂ, ಇಡೀ ದೇಶವು ೨೦೦೫ರ ತಿದ್ದುಪಡಿಯಿಂದಲೂ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕನ್ನು ಕೊಟ್ಟವು. ವಿಜ್ಞಾನೇಶ್ವರನು ನಿಲ್ಲಿಸಿದ್ದ ತತ್ತ್ವವನ್ನೇ ಹಿಡಿದು, ಅವನು ನಿಂತ ಗೆರೆಯನ್ನು ದಾಟಿ ಹೋದ ನಡೆ ಇದು. ಕಲ್ಯಾಣದಲ್ಲಿ ಬರೆದ ಒಂದು ಗ್ರಂಥದ ಹೆಸರು ಇಂದಿಗೂ ನ್ಯಾಯಾಧೀಶರ ತೀರ್ಪುಗಳಲ್ಲಿ ಕೇಳಿಬರುತ್ತದೆ.

ಅವಸಾನ ಮತ್ತು ಅನಂತರ

೧೧೨೬ರಲ್ಲಿ ವಿಕ್ರಮನ ದೀರ್ಘ ಆಳಿಕೆ ಮುಗಿಯಿತು. ಮಗ ಮೂರನೆಯ ಸೋಮೇಶ್ವರನು ವಿದ್ವಾಂಸ. ‘ಮಾನಸೋಲ್ಲಾಸ’ವೆಂಬ ವಿಶ್ವಕೋಶದಂಥ ಗ್ರಂಥದ ಕರ್ತೃ. ತಂದೆಯ ಚರಿತ್ರೆಯನ್ನು ಕುರಿತು ‘ವಿಕ್ರಮಾಂಕಾಭ್ಯುದಯ’ವನ್ನೂ ಬರೆದನು. ಇಷ್ಟು ಪಿತೃಭಕ್ತಿಯಿದ್ದ ಮಗನೂ ತನ್ನ ಶಾಸನಗಳಲ್ಲಿ ತಂದೆಯ ವರ್ಷವನ್ನು ಮುಂದುವರಿಸದೆ, ತನ್ನ ಭೂಲೋಕಮಲ್ಲ ಬಿರುದಿನಿಂದ ‘ಭೂಲೋಕ ವರ್ಷ’ವನ್ನು ಆರಂಭಿಸಿದನು. ಶಕವರ್ಷವನ್ನು ಅಳಿಸಲು ಹೊರಟವನ ವರ್ಷವನ್ನು ಅವನ ಮಗನೇ ಬದಿಗಿರಿಸಿದನು. ಅಲ್ಲಲ್ಲಿ ಕೆಲವು ಕಾಲ ವಿಕ್ರಮ ವರ್ಷದ ಬಳಕೆ ಉಳಿದರೂ ಕ್ರಮೇಣ ಅದು ನಿಂತುಹೋಯಿತು. ಶಾಲಿವಾಹನ ಶಕೆಯಾದರೋ ನಮ್ಮ ಪಂಚಾಂಗಗಳಲ್ಲಿ ಇಂದಿಗೂ ನಡೆಯುತ್ತಿದೆ.

ಚಕ್ರವರ್ತಿಯು ಗತಿಸಿ ನಾಲ್ಕು ದಶಕಗಳಾಗುವುದರೊಳಗೆ, ಅವನ ಸಾಮಂತರಾಗಿದ್ದ ಕಳಚುರಿಗಳ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡು ೧೧೬೨ರಲ್ಲಿ ಸಾಮ್ರಾಟನ ಬಿರುದುಗಳನ್ನು ಧರಿಸಿದನು. ಸಾಮಂತರ ಬಲದಿಂದ ಅಣ್ಣನನ್ನು ಇಳಿಸಿದ ಮನೆತನವನ್ನು ಸಾಮಂತನೇ ಇಳಿಸಿದನು. ಅದೇ ಕಲ್ಯಾಣದಲ್ಲಿ, ಅದೇ ಬಿಜ್ಜಳನ ಕಾಲದಲ್ಲಿ, ಬಸವಣ್ಣನವರೂ ಶರಣರೂ ಕಾಯಕ ದಾಸೋಹಗಳ ಮಾತನ್ನು ಜನರ ಕನ್ನಡದಲ್ಲಿ ಆಡಿದರು. ಇಂದು ಬೀದರ ಜಿಲ್ಲೆಯ ಆ ಊರಿನ ಹೆಸರು ಬಸವಕಲ್ಯಾಣ. ಅರ್ಧ ಶತಮಾನ ಅಲ್ಲಿಂದ ದಕ್ಷಿಣಾಪಥವನ್ನು ಆಳಿದ ಚಕ್ರವರ್ತಿಯ ಹೆಸರನ್ನು ಊರು ಹೊತ್ತುಕೊಳ್ಳಲಿಲ್ಲ. ಅಲ್ಲಿ ಭಂಡಾರಿಯಾಗಿದ್ದ ಶರಣನ ಹೆಸರನ್ನು ಹೊತ್ತುಕೊಂಡಿದೆ.

ಹೀಗೆಂದ ಮಾತ್ರಕ್ಕೆ ವಿಕ್ರಮಾದಿತ್ಯನ ಸಾಧನೆ ಅಲ್ಪವೆಂದಲ್ಲ. ಐವತ್ತು ವರ್ಷಗಳ ಕಾಲ ನಾಡಿನ ಒಡಲಲ್ಲಿ ನೆಮ್ಮದಿಯನ್ನು ಕಾಪಾಡಿದುದರಿಂದಲೇ ದಂಡನಾಯಕನು ಗುಡಿ ಕಟ್ಟಿಸಲು, ಸೆಟ್ಟಿಯು ದತ್ತಿ ಬಿಡಲು, ಪಂಡಿತನು ಗ್ರಂಥ ಬರೆಯಲು ಸಾಧ್ಯವಾಯಿತು. ಅನ್ಯಾಯದ ಛಾಯೆಯಲ್ಲಿ ಬಂದ ಅಧಿಕಾರವನ್ನು ಅವನು ಪರರ ಸತ್ಕಾರ್ಯಕ್ಕೆ ನೆರಳಾಗಿ ಮಾರ್ಪಡಿಸಿದನು. ಅರಸನು ಬಯಸಿದ ಕ್ರಮದಲ್ಲಿ ಕಾಲವು ಅವನನ್ನು ನೆನೆಯಲಿಲ್ಲ. ಬಾಳಿದುದು ಅವನು ಸ್ಥಾಪಿಸಿದ ವರ್ಷವಲ್ಲ, ಆ ವರ್ಷದ ಹೆಸರಿನಡಿ ಇತರರು ಬಿಟ್ಟ ದತ್ತಿ, ಬರೆದ ಪುಸ್ತಕ, ಕಲಿಸಿದ ಪಾಠ.

ಕೊನೆಯಲ್ಲಿ ಒಂದು ವಿನಂತಿ. ವಿಕ್ರಮ ವರ್ಷದ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಕೆಲವು ಗುಡಿಯ ಗೋಡೆಯಲ್ಲಿ ಸುಣ್ಣ ಬಳಿಸಿಕೊಂಡಿವೆ, ಕೆಲವು ಕೆರೆಯ ಏರಿಯಲ್ಲಿ ಹೂತಿವೆ, ಕೆಲವು ಬಟ್ಟೆ ಒಗೆಯುವ ಬಂಡೆಯಾಗಿ ಅಕ್ಷರ ಸವೆಸಿಕೊಳ್ಳುತ್ತಿವೆ. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಆ ಕಲ್ಲುಗಳ ಬಳಿಗೆ ಕರೆದೊಯ್ಯಲಿ; ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅವುಗಳಿಗೆ ಒಂದು ನೆರಳನ್ನು ಮಾಡಿಸಲಿ. ಒಂಬೈನೂರು ವರ್ಷಗಳ ಹಿಂದೆ ಯಾರೋ ಒಬ್ಬ ದಾನಿಯು, ಯಾರೋ ಒಬ್ಬ ಹುಡುಗನು ಉಂಡು ಓದಲೆಂದು ಬಿಟ್ಟ ಭೂಮಿಯ ಲೆಕ್ಕ ಅದರಲ್ಲಿರಬಹುದು. ಆ ಲೆಕ್ಕವನ್ನು ಅಳಿಯಗೊಡದಿರುವುದು ಅದೇ ಕಾರ್ಯವನ್ನು ಇಂದು ಮುಂದುವರಿಸುತ್ತಿರುವ ನಮ್ಮೆಲ್ಲರ ಕರ್ತವ್ಯವಾಗಿದೆ.